ಸೂಜಿಯ ಸವತಿ

ನಾನು ಒಂದು ಪೆನ್ನು. ಬರೆಯುವುದು ಕಾಗದದ ಮೇಲಲ್ಲ, ಗಾಜಿನ ಮೇಲೆ. ನನ್ನೊಳಗೆ ಶಾಯಿ ಇಲ್ಲ; ಕಡಲೆಕಾಳಿನಷ್ಟು ಮೋಟಾರು ಮತ್ತು ಒಂದು ಬ್ಯಾಟರಿ ಇವೆ. ಟ್ಯಾಬಿನ ನುಣ್ಣನೆಯ ಪರದೆಯ ಮೇಲೆ ನನ್ನನ್ನು ಎಳೆದರೆ ಅಲ್ಲಿ ಇಲ್ಲದ ಬಟ್ಟೆಯ ಎಳೆಗಳು ಟಪ್, ಟಪ್ ಎಂದು ಬೆರಳಿಗೆ ತಾಗುತ್ತವೆ. ಅಷ್ಟೇ ನನ್ನ ಮಾಯೆ.

ಹುಟ್ಟಿದ್ದು ಹುಬ್ಬಳ್ಳಿಯ ಕಾಲೇಜೊಂದರ ಲ್ಯಾಬಿನಲ್ಲಿ. ಪ್ಲಾಸ್ಟಿಕ್ ಕರಗಿಸಿ, ಚಕ್ಕುಲಿ ಒತ್ತಿದ ಹಾಗೆ ಸುತ್ತು ಸುತ್ತಾಗಿ ಸುರಿದು ನನ್ನ ಮೈ ಮಾಡಿದವಳು ಶಾಲ್ಮಲಾ. ಅವಳೇ ನನ್ನ ತಾಯಿ. ತಂತಿಗೆ ಬೆಸುಗೆ ಹಾಕುವಾಗ ಬೆರಳು ಸುಟ್ಟುಕೊಂಡು ಬಾಯಿಗಿಟ್ಟುಕೊಂಡಳು. ಆ ಬೆರಳಿನಿಂದಲೇ ನನ್ನನ್ನು ಮೊದಲು ಎತ್ತಿಕೊಂಡಳು. ಅವಳಿಗೆ ಲೋಕದಲ್ಲಿ ನಾನೊಬ್ಬಳೇ ಎಂದುಕೊಂಡೆ.

ಅವಳು ಬಾಡಿಗೆಗಿದ್ದದ್ದು ಧಾರವಾಡದಲ್ಲಿ, ನೀಲವ್ವನ ಮನೆಯ ಮೇಲಿನ ಕೋಣೆಯಲ್ಲಿ. ನೀಲವ್ವ ಐವತ್ತು ವರ್ಷ ಸೀರೆಗಳಿಗೆ ಕಸೂತಿ ಹಾಕಿದವಳು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ. ಎಳೆ ಎಣಿಸುತ್ತ ಸೂಜಿ ಚುಚ್ಚಬೇಕು. ಈಗ ಅವಳಿಗೆ ಎಳೆ ಕಾಣುತ್ತಿರಲಿಲ್ಲ. ಉಳಿದ ಮಬ್ಬು ಬೆಳಕೂ ವರ್ಷದೊಳಗೆ ಹೋದೀತು ಎಂದಿದ್ದರು ಡಾಕ್ಟರು. ಅವಳ ಅತ್ತೆ ಕಲಿಸಿದ ತೊಟ್ಟಿಲ ಚಿತ್ತಾರವೊಂದಿತ್ತು. ಹಾಕಿದ ಸೀರೆಗಳೆಲ್ಲ ಯಾರ್‍ಯಾರದೋ ಮನೆ ಸೇರಿ, ಚಿತ್ತಾರ ಅವಳೊಬ್ಬಳಲ್ಲೇ ಉಳಿದಿತ್ತು. ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದು ಶಾಲ್ಮಲಾ ಅಂದರೆ, "ಬಾಯಿಗೆ ಬರಂಗಿಲ್ಲವಾ, ಕೈಗಷ್ಟ ಗೊತ್ತೈತಿ" ಎನ್ನುತ್ತಿದ್ದಳು. ಆ ಕೈ ಎಳೆದದ್ದು ಪರದೆಯಲ್ಲಿ ಉಳಿಯಲಿ ಎಂದೇ ಅವಳು ನನ್ನನ್ನು ಮಾಡಿದ್ದು.

ಆದರೆ ಆ ಮನೆಯಲ್ಲಿ ಮೊದಲೇ ಒಬ್ಬಳಿದ್ದಳು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಕೆಂಪು ಬಟ್ಟೆಯ ಚೂರಿಗೆ ಚುಚ್ಚಿಕೊಂಡು ಕೂತ ಸೂಜಿ. ಕಿರಿರಾಣಿ ಅರಮನೆಗೆ ಬಂದ ದಿನ ಹಿರಿರಾಣಿ ಬಾಗಿಲ ಮರೆಯಿಂದ ನೋಡುತ್ತಾಳಲ್ಲ, ಹಾಗೆ ನನ್ನನ್ನು ನೋಡಿದಳು.

ಮೊದಲ ಸಲ ನನ್ನನ್ನು ಹಿಡಿದ ನೀಲವ್ವ ಬೆಚ್ಚಿಬಿದ್ದಳು. "ಅಯ್ಯ ನಮ್ಮವ್ವಾ! ಬೆಂಕಿಪೊಟ್ಟಣದಾಗ ಜೀರುಂಡಿ ಹಿಡದಂಗ ಆಗತೈತಿ!"

"ಕಡಿಮಿ ಮಾಡ್ತೀನಿ, ಆಯಿ."

"ಸೂಜಿ ಹಿಂಗ ಚೀರಂಗಿಲ್ಲ ನೋಡು. ಗುಟ್ಟು ಹೇಳಿದಂಗ ಹೇಳತೈತಿ."

ಶಾಲ್ಮಲಾ ಸೂಜಿಯನ್ನೇ ಮುಂದಿಟ್ಟುಕೊಂಡು, ಅದು ಬಟ್ಟೆ ದಾಟುವಾಗಿನ ಸಣ್ಣ ಕಂಪನವನ್ನು ಅಳೆದು ನನ್ನೊಳಗೆ ತುಂಬಿದಳು. ನನ್ನ ದನಿಯೂ ಆ ಸೂಜಿಯದೇ ಆಯಿತು! ನಾನು ಚೆನ್ನಾಗಿ ನುಡಿದಾಗೆಲ್ಲ ನೀಲವ್ವ, "ಹಾಂ, ಈಗ ಸೂಜಿಯಂಗ ಐತಿ" ಎನ್ನುವಳು. ಹೊಗಳಿಕೆ ನನ್ನ ಮೇಲೆ ಬೀಳುತ್ತಿತ್ತು, ತಂಪು ಡಬ್ಬಿಗೆ ಹೋಗುತ್ತಿತ್ತು.

ತೊಟ್ಟಿಲು ಶುರುವಾಯಿತು. ಹಗ್ಗದವರೆಗೆ ಬಂದ ನೀಲವ್ವ ಕೈ ತಿರುಗಿಸಿದಳು. ನಾನು ಸುಮ್ಮನಿದ್ದೆ. ಮತ್ತೆ ಎಳೆದಳು. ನನ್ನಿಂದ ಒಂದು ಟಪ್ ಕೂಡ ಇಲ್ಲ. ಒಮ್ಮೆ ದಾಟಿದ ಎಳೆಯ ಕೆಲಸ ಮುಗಿಯಿತು, ಅಲ್ಲಿ ಸುಮ್ಮನಿರು ಎಂದೇ ಶಾಲ್ಮಲಾ ನನಗೆ ಕಲಿಸಿದ್ದಳು. ಕಸೂತಿಯ ದಾರ ಹಾಗಲ್ಲ. ಒಂದು ಹೊಲಿಗೆ ಹಾಕಿ ಒಂದು ಹೊಲಿಗೆಯಷ್ಟು ಜಾಗ ಬಿಟ್ಟು ಹೋಗುತ್ತದೆ, ಬಿಟ್ಟದ್ದನ್ನು ತುಂಬುತ್ತ ಅದೇ ದಾರಿಯಲ್ಲಿ ಹೊರಳಿ ಬರುತ್ತದೆ. ಆಗಲೇ ಬಟ್ಟೆಯ ಎರಡೂ ಮಗ್ಗುಲು ಒಂದೇ ಆಗುವುದು.

ನೀಲವ್ವ ನನ್ನನ್ನು ಕೆಳಗಿಟ್ಟಳು. "ನಿನ್ನ ಪೆನ್ನಿಗೆ ಹೋಗೂದಷ್ಟ ಗೊತ್ತೈತಿ, ಹೊಳ್ಳಿ ಬರೂದು ಗೊತ್ತಿಲ್ಲ." ಕೈ ತಡಕಾಡಿ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಿತು. ಕಾಣದ ಕಣ್ಣಿಗೆ ಇನ್ನೇನೂ ಕೊಡಲಾರದ ಆ ಸೂಜಿಯನ್ನೇ ಸವರುತ್ತ ಕೂತಳು. ನಾನು ಒಳಗೊಳಗೇ ಬೆಂದುಹೋದೆ.

ಎಂಟು ದಿನ ಕೂತು ಶಾಲ್ಮಲಾ ನನಗೆ ಹೊರಳಿ ಬರುವುದನ್ನು ಕಲಿಸಿದಳು. ಹೋಗುವಾಗ ಒಂದು ದನಿ, ಬರುವಾಗ ಅದಕ್ಕಿಂತ ಮೆಲ್ಲನೆಯ ಇನ್ನೊಂದು. ಆಮೇಲೆ ನೀಲವ್ವನ ಕೈ ನಿಲ್ಲಲಿಲ್ಲ. ಹನ್ನೊಂದನೆಯ ದಿನ ನನ್ನನ್ನು ಎತ್ತಿ ಹಿಡಿದು ಕೇಳಿದಳು, "ಬಂತನ ತೊಟ್ಟಿಲಾ?"

"ಬಂತು ಆಯಿ. ಹಗ್ಗ, ಮ್ಯಾಲಿನ ಗುಬ್ಬಿ, ಎಲ್ಲಾ ಬಂದಾವು. ತಿರುವಿ ಹಾಕಿದ್ರೂ ಒಂದ ಥರಾ ಕಾಣತೈತಿ."

ನೀಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಡಬ್ಬಿಯತ್ತ ನೋಡಿದೆ. ಗೆದ್ದಿದ್ದೆ!

"ಹಂಗಾರ ಈ ಸೂಜಿ ಹಿಡಿ" ಎಂದಳು ನೀಲವ್ವ. "ಗಾಜಿನ್ಯಾಗಿನ ತೊಟ್ಟಿಲಾ ಯಾರ ಉಟ್ಕೋತಾರ?"

"ನನಗ ಬರಂಗಿಲ್ಲ, ಆಯಿ."

"ಆ ಪೆನ್ನಿಗೇನ ಮೊದಲ ಬರತಿತ್ತೇನ? ಕಲೀಲಿಲ್ಲೇನ ಅದು?"

ಹೀಗೆ ನನ್ನ ತಾಯಿ ಸವತಿಯ ಪಾಲಾದಳು. ನಾನು ಬರೆದ ತೊಟ್ಟಿಲನ್ನು ಎದುರಿಗಿಟ್ಟುಕೊಂಡು ಎಳೆ ಎಣಿಸಿದಳು, ಬಿಚ್ಚಿದಳು, ಮತ್ತೆ ಎಣಿಸಿದಳು. ಒಮ್ಮೆ ಸೂಜಿ ಚುಚ್ಚಿತು. ಬೆರಳನ್ನು ಬಾಯಿಗಿಟ್ಟುಕೊಂಡಳು. ಅದೇ ಬೆರಳು.

ಈಗ ನನ್ನ ಬ್ಯಾಟರಿ ಉಬ್ಬಿ, ಅದನ್ನು ತೆಗೆದುಹಾಕಿದ್ದಾರೆ. ಹೊಸ ಪೆನ್ನುಗಳು ಬಂದಿವೆ. ಶಾಲ್ಮಲಾ ನನ್ನನ್ನು ಇಟ್ಟದ್ದು ಎಲ್ಲಿ ಗೊತ್ತೇ? ಅದೇ ಡಬ್ಬಿಯಲ್ಲಿ, ಅದೇ ಕೆಂಪು ಚೂರಿನ ಪಕ್ಕದಲ್ಲಿ. ಸೂಜಿ ದಿನವೂ ಕೆಲಸಕ್ಕೆ ಹೋಗುತ್ತಾಳೆ, ಇಳಕಲ್ ಸೀರೆಯ ವಾಸನೆ ಹೊತ್ತು ಬರುತ್ತಾಳೆ. ನಾನು ಮುಖ ತಿರುಗಿಸುತ್ತೇನೆ.

ಕಣ್ಣಿನ ಬೆಳಕು ಪೂರ್ತಿ ಹೋದ ಮೇಲೆ ನೀಲವ್ವ ಕೆಲವು ಮಧ್ಯಾಹ್ನ ಡಬ್ಬಿ ತೆರೆದು ತಡಕಾಡುತ್ತಾಳೆ. ಅವಳ ಬೆರಳು ಸೂಜಿಯನ್ನು ದಾಟಿ ನನ್ನ ಬಳಿ ನಿಲ್ಲುತ್ತದೆ. ನನ್ನನ್ನು ತೊಡೆಯ ಮೇಲಿನ ಸೆರಗಿನಲ್ಲಿ ಮೆಲ್ಲಗೆ ಎಳೆಯುತ್ತಾಳೆ, ಹೋದ ದಾರಿಯಲ್ಲೇ ಹೊರಳಿಸಿ ತರುತ್ತಾಳೆ. ನಾನು ಮೂಕಿ, ಆದರೂ ಅವಳ ತುಟಿ ಎಣಿಸುತ್ತಿರುತ್ತದೆ.

ಡಬ್ಬಿಯ ಮುಚ್ಚಳ ತೆರೆದೇ ಇರುತ್ತದೆ. ಸೂಜಿ ನೋಡುತ್ತಿರುತ್ತಾಳೆ. ನೋಡಲಿ.