ಏಣಿ ಮೇಲಿನ ವಿಳಾಸ

ದರ್ಜಿ ಹೆಂಗಸಿನ ಗಂಡ ಬೋರ್ಡು ಬರೆಯುವವನು. ಅಕ್ಷರ ಮುತ್ತಿನಂಥದ್ದು, ಬುದ್ಧಿ ಮಾತ್ರ ಕಸ. ಮಗಳ ಖರ್ಚಿಗೆ ತಿಂಗಳು ತಿಂಗಳು ಕೊಡಬೇಕು ಎಂದು ಊರಿನ ಕೋರ್ಟು ಆದೇಶ ಮಾಡಿದ ವಾರದಲ್ಲೇ ಮಹಾಶಯ ಕಾಲಿಗೆ ಬುದ್ಧಿ ಹೇಳಿ ಪಕ್ಕದ ರಾಜ್ಯ ಸೇರಿಕೊಂಡ. ಗಡಿ ದಾಟಿದರೆ ಅಪ್ಪನೆಂಬ ಹೆಸರೂ ಕಳಚಿ ಬೀಳುತ್ತದೆ ಎಂದುಕೊಂಡಿರಬೇಕು, ಪುಣ್ಯಾತ್ಮ!

ಮಗಳಿಗೆ ಒಂಬತ್ತು ವರ್ಷ. ಒಂದು ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡೇ ನಡೆಯಬೇಕು. ಬೆಳೆಯುವ ಕಾಲು, ಪಟ್ಟಿಯನ್ನು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಎರಡು ವರ್ಷದಿಂದ ಬದಲಿಸಲಾಗದೆ ಮೊಣಕಾಲಿನ ಕೆಳಗೆ ಒತ್ತಿ ಒತ್ತಿ ಗಾಯವಾಗಿತ್ತು. ಹುಡುಗಿ ನೋವೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆಟಕ್ಕೆ ಹೋಗುವುದನ್ನೇ ಬಿಟ್ಟಿದ್ದಳು.

ಆದೇಶ ಜಾರಿ ಮಾಡಿಸಿಕೊಡಿ ಎಂದು ತಾಯಿ ಅವನಿರುವ ರಾಜ್ಯದ ಕೋರ್ಟಿಗೇ ಎರಡು ಸಲ ಅರ್ಜಿ ಹಾಕಿದಳು. ಎರಡು ಸಲವೂ ನೋಟಿಸು 'ಮನೆಗೆ ಬೀಗ' ಎಂಬ ಷರಾ ಹೊತ್ತು ವಾಪಸ್ಸು ಬಂತು. ನೋಟಿಸು ಹಿಡಿದು ಬರುವ ಅಮೀನನ ಸುಳಿವು ಸಿಕ್ಕರೆ ಸಾಕು, ಈತ ಬಾಡಿಗೆ ಕೋಣೆ ಬದಲಿಸಿ ಚಳ್ಳೆಹಣ್ಣು ತಿನ್ನಿಸುತ್ತಿದ್ದ. ಸರಿಯಾದ ವಿಳಾಸವಿಲ್ಲದೆ ಇನ್ನು ಅರ್ಜಿ ತಗೊಳ್ಳುವುದಿಲ್ಲ ಎಂದು ಗುಮಾಸ್ತ ಖಡಾಖಂಡಿತವಾಗಿ ಹೇಳಿಬಿಟ್ಟ.

ಎಷ್ಟು ಬಚ್ಚಿಟ್ಟುಕೊಂಡರೇನು, ಜಂಬ ಬಿಡಬೇಕಲ್ಲ! ಸೊಸೆಯ ಜೊತೆಗೇ ಇದ್ದ ತನ್ನ ತಾಯಿಗೆ ಫೋನ್ ಮಾಡಿ ಕೊಚ್ಚಿಕೊಳ್ಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

"ನೋಡಮ್ಮಾ, ನಿನ್ನ ಗಂಡ ದೊಡ್ಡ ಮನುಷ್ಯ ಆಗಿದಾನೆ," ಎಂದು ಅತ್ತೆ ಒಂದು ದಿನ ಫೋನ್ ಇಟ್ಟು ಮುಖ ಸಿಂಡರಿಸಿದಳು. "ಕೋರ್ಟಿನ ಬೋರ್ಡೆಲ್ಲ ಅವನೇ ಬರೀತಿದಾನಂತೆ. ಜಡ್ಜು ಯಾರು ಅಂತ ಜನಕ್ಕೆ ಗೊತ್ತಾಗೋದೇ ನನ್ನ ಕೈಯಿಂದ ಅಂತಾನೆ. ನನ್ನ ಹೊಟ್ಟೇಲಿ ಇಂಥದ್ದು ಹುಟ್ಟಬೇಕಿತ್ತಾ!"

"ಯಾವ ಕೋರ್ಟಂತೆ ಅತ್ತೆ?"

"ನೀನು ಅರ್ಜಿ ಹಾಕಿದ್ಯಲ್ಲ, ಅದೇ. ಅಲ್ಲಿ ಯಾರು ಹುಡುಕ್ತಾರೆ ಅಂತ ಧೈರ್ಯ. ಈ ವಾರ ಮುಗಿಯುತ್ತಂತೆ. ನೀನು ಹೊರಡು, ಮಗೂನ ನಾನು ನೋಡ್ಕೋತೀನಿ."

ಮರುದಿನ ಬೆಳಿಗ್ಗೆ ಆ ಕೋರ್ಟಿನಲ್ಲಿ ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದ. "ಮತ್ತೆ ಬಂದ್ರಾ? ವಿಳಾಸ ಸಿಕ್ತಾ?"

"ಸಿಕ್ತು ಸಾರ್. ಬರೆದಿದೀನಿ."

ಗುಮಾಸ್ತ ಓದಿದ: 'ಇದೇ ನ್ಯಾಯಾಲಯ, ಮೊದಲನೇ ಮಹಡಿ, ಏಣಿಯ ಮೇಲೆ.'

"ಏನಮ್ಮಾ, ತಮಾಷೆ ಮಾಡ್ತೀರಾ?"

"ನಾನಲ್ಲ ಸಾರ್. ಸ್ವಲ್ಪ ತಲೆ ಎತ್ತಿ ನೋಡಿ."

ಅಂಗಳದಾಚೆಯ ಮಹಡಿಯಲ್ಲಿ ಒಬ್ಬ ಏಣಿ ಹತ್ತಿ, ಸಿಳ್ಳೆ ಹಾಕುತ್ತ, ನ್ಯಾಯಾಧೀಶರ ಹೆಸರಿಗೆ ಕೊನೆಯ ಒತ್ತು ಬರೆಯುತ್ತಿದ್ದ. ಅರ್ಧ ಗಂಟೆಯ ಹಿಂದೆ ತಾನೇ ಅವನ ಕೈಬರಹ ಹೊಗಳಿ ಬಂದಿದ್ದ ಗುಮಾಸ್ತ ನಾಲಿಗೆ ಕಚ್ಚಿಕೊಂಡ. ಆಮೇಲೆ ಅವನ ಕೈ ಎಷ್ಟು ಚುರುಕಾಯಿತೆಂದರೆ, ಮಧ್ಯಾಹ್ನದೊಳಗೆ ಅರ್ಜಿಗೆ ನಂಬರು ಬಿತ್ತು, ನ್ಯಾಯಾಧೀಶರ ಮುಂದೆ ಹೋಯಿತು, ನೋಟಿಸೂ ತಯಾರಾಯಿತು. ಈ ಚುರುಕು ಇಷ್ಟು ದಿನ ಎಲ್ಲಿ ಮಲಗಿತ್ತೋ!

ಅಮೀನ ಏಣಿಯ ಕೆಳಗೆ ನಿಂತು ಹೆಸರು ಹಿಡಿದು ಕೂಗಿದ. ಪಕ್ಕದಲ್ಲಿ ಹೆಂಡತಿಯನ್ನು ಕಂಡು ಗಂಡನ ಸಿಳ್ಳೆ ನಿಂತುಹೋಯಿತು. ಓಡೋಣವೆಂದರೆ ಏಣಿಯ ಬುಡದಲ್ಲೇ ಅಮೀನ. ಬೆಪ್ಪನಂತೆ ಇಳಿದು ಬಂದ.

"ಕೈಯೆಲ್ಲ ಬಣ್ಣ ಸಾರ್, ಸಹಿ ಹಾಕಕ್ಕಾಗಲ್ಲ," ಎಂದು ಕೊನೆಯ ಆಟ ಹೂಡಿದ.

"ಒಳ್ಳೇದೇ ಆಯ್ತು. ಹೆಬ್ಬೆಟ್ಟು ಒತ್ತಿ," ಅಂದ ಅಮೀನ.

ಊರೆಲ್ಲ ಅಕ್ಷರ ಬರೆದ ಮನುಷ್ಯ ನಾಲ್ಕು ಜನರ ಎದುರು ಹೆಬ್ಬೆಟ್ಟು ಒತ್ತಿದ. ಅವಳಿಗೆ ನಗು ತಡೆಯಲಾಗಲಿಲ್ಲ.

"ಇನ್ನೊಂದು ವಿಷಯ," ಅಂದ ಅಮೀನ. "ಈ ಬೋರ್ಡುಗಳ ಬಿಲ್ಲನ್ನ ಕೋರ್ಟು ತಡೆಹಿಡಿದಿದೆ. ಅದು ನಿಮ್ಮ ಮಗಳಿಗೆ ಹೋಗುತ್ತೆ."

ಗಂಡನ ಮುಖ ಸುಣ್ಣವಾಯಿತು. ಸುತ್ತ ಜನ ಸೇರಿದ್ದು ನೋಡಿ ಅವನಿಗೆ ತಟ್ಟನೆ ಮಮತೆ ಉಕ್ಕಿತು. ದನಿ ಮೆತ್ತಗೆ ಮಾಡಿಕೊಂಡು ಕೇಳಿದ: "ಮಗು ಬಲಗಾಲು ಈಗ ಹೇಗಿದೆ?"

ಅವಳ ನಗು ಅಲ್ಲಿಗೇ ಇಂಗಿತು.

"ಎಡಗಾಲು ರೀ," ಅಂದಳು. "ಅರ್ಜಿಯಲ್ಲಿ ಬರೆದಿದೀನಿ. ಓದ್ಕೊಳ್ಳಿ."