ನಿನ್ನೆ ಹೇಳಿದ್ದು ನಡೆಯೋದಿಲ್ಲ

ಆ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತರೆ ಕೈಗಿಂತ ಮೊದಲು ಬಾಯಿಗೆ ಕೆಲಸ. ಅತ್ತೆ ತೋರುಬೆರಳು ಎತ್ತುವರು. ಅದು ಯಾರ ಕಡೆ ತಿರುಗಿತೋ ಅವರು ಆ ದಿನ ಕಂಡ ಒಂದು ಒಳ್ಳೆಯದನ್ನು ಹೇಳಬೇಕು. ಆಮೇಲೆ ಆಮೆನ್, ಆಮೇಲೆ ಊಟ. ನಿನ್ನೆ ಹೇಳಿದ್ದು ಇವತ್ತು ನಡೆಯುವುದಿಲ್ಲ. ದಿನವಿಡೀ ಹೊಲಿಗೆ ಯಂತ್ರ ತುಳಿದು ಸೊಂಟ ಬಿದ್ದುಹೋಗಿರುತ್ತಿದ್ದ ಸೊಸೆಗೆ ಇದೊಂದು ದೊಡ್ಡ ತಲೆನೋವು. "ನಲ್ಲೀಲಿ ನೀರು ಬಂತು" ಎಂದು ಗೊಣಗಿ ಜಾರಿಕೊಳ್ಳಲು ನೋಡುವಳು. "ಮೊನ್ನೆನೂ ಅದೇ ನೀರು ಬಂದಿತ್ತಲ್ಲಮ್ಮ" ಎಂದು ಅತ್ತೆ ಬೆರಳು ಅಲ್ಲಾಡಿಸುವರು. ಊಟ ಆರಿ ತಣ್ಣಗಾಗುತ್ತಿತ್ತು, ಸೊಸೆಯ ತಲೆ ಬಿಸಿಯಾಗುತ್ತಿತ್ತು.

ಆ ಭಾನುವಾರ ಬೆಳಿಗ್ಗೆಯೂ ತಲೆ ಬಿಸಿಯಾಗಿಯೇ ಇತ್ತು. ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಗಂಡ ಮೊದಲೇ ಹೊರಟುಹೋಗಿದ್ದ. ಆರಾಧನೆಗೆ ಹೊತ್ತಾಗುತ್ತಿದ್ದರೂ ಅತ್ತೆ ಬಾಗಿಲಲ್ಲಿ ನಿಂತು, ಮಂಡಿ ನೋವು ಕಡಿಮೆಯಾಗಿದೆಯೆಂದು ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತಿದ್ದರು.

"ಅದನ್ನ ಅಲ್ಲೇ ಹೋಗಿ ಹೇಳಿ ಅತ್ತೆ, ದೇವರು ಚರ್ಚಲ್ಲೂ ಇರ್ತಾನೆ!" ಸೊಸೆ ಸಿಡುಕಿದಳು. ಅತ್ತೆಯ ತೋಳಿನಲ್ಲಿದ್ದ ದಪ್ಪ ಕಪ್ಪು ಚೀಲ ಕಂಡು ಇನ್ನಷ್ಟು ರೇಗಿತು. ಬೈಬಲ್ಲನ್ನು ಮಾತ್ರ ತೆಗೆದು ಅವರ ಕೈಗಿತ್ತು, ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ತಗುಲಿಹಾಕಿ ಬೀಗ ಜಡಿದಳು.

ಹಳೆಯ ಕಟ್ಟಡ, ಜಾಲರಿ ಬಾಗಿಲಿನ ಲಿಫ್ಟು. ಆರನೆಯ ಮಹಡಿಯಿಂದ ನರಳುತ್ತಾ ಇಳಿದದ್ದು, ಎರಡನೆಯದನ್ನು ದಾಟುವಷ್ಟರಲ್ಲಿ ಕರೆಂಟು ಹೋಗಿ ಗಕ್ಕನೆ ನಿಂತಿತು. ಎದುರಿಗೆ ಬರೀ ಗೋಡೆ. ತಲೆಯ ಮಟ್ಟದಲ್ಲಿ ಮಹಡಿಯ ನೆಲ ಕಾಣುವಲ್ಲಿ ಗೇಣಗಲದ ಬೆಳಕು.

ಇಕ್ಕಟ್ಟಿನ ಜಾಗವೆಂದರೆ ಅತ್ತೆಗೆ ಮೊದಲಿಂದಲೂ ಭಯ, ಭಯವಾದರೆ ದಮ್ಮು. ಎದೆಯಿಂದ ಸಿಳ್ಳೆ ಶುರುವಾಯಿತು.

"ಪಂಪು..." ಎಂದರು.

ದಮ್ಮಿನ ಪಂಪು ಕಪ್ಪು ಚೀಲದಲ್ಲಿತ್ತು.

ಅವಳು ಕಿರುಚಿದ ಕಿರುಚಿಗೆ ವಾಚ್‌ಮನ್ ಮೆಟ್ಟಿಲು ಹತ್ತಿ ಬಂದು ಸಂದಿನಲ್ಲಿ ಮುಖ ತೋರಿಸಿದ. "ಬಾಗಿಲ ಹಿಂದೆ ಕಪ್ಪು ಚೀಲ ಇದೆ, ತನ್ನಿ ಅಣ್ಣಾ, ಅತ್ತೆಗೆ ಉಸಿರು ಕಟ್ತಿದೆ!" ಅವಳು ಎಸೆದ ಬೀಗದಕೈ ಜಾಲರಿಯ ಸರಳಿಗೆ ಬಡಿದು ಅವಳ ಕಾಲ ಬಳಿಯೇ ಬಿತ್ತು. ಸ್ವಲ್ಪ ಆಚೆ ಬಿದ್ದಿದ್ದರೆ ಲಿಫ್ಟಿನ ಗುಂಡಿಯ ತಳಕ್ಕೆ ಹೋಗುತ್ತಿತ್ತು. ಹೆಕ್ಕಿ ಮತ್ತೆ ಎಸೆದಳು. ಈ ಸಲ ದಾಟಿತು. ದಢೂತಿ ಮನುಷ್ಯ ಏದುಸಿರು ಬಿಡುತ್ತಾ ಮೇಲೆ ಹತ್ತುವ ಸದ್ದು ದೂರವಾಯಿತು.

ಅತ್ತೆ ಗೋಡೆಗೊರಗಿ ಕುಸಿದು ಕೂತಿದ್ದರು. ಮಾತು ನಿಂತಿತ್ತು. ಸದಾ ಸ್ತೋತ್ರ ಹೇಳುವ ಬಾಯಿ ಬರೀ ಗಾಳಿಗಾಗಿ ತೆರೆದುಕೊಂಡಿತ್ತು. ಆ ಬಾಯಿ ಒಮ್ಮೆ ಮುಚ್ಚಿದರೆ ಸಾಕೆಂದು ಎಷ್ಟೋ ಸಲ ಅಂದುಕೊಂಡವಳಿಗೆ ಈಗ ಅದರಿಂದ ಒಂದು ಮಾತು ಬಂದರೆ ಸಾಕೆನಿಸಿತು.

ಆಗ ಅತ್ತೆಯ ತೋರುಬೆರಳು ಮೇಲೆದ್ದು ಅವಳ ಕಡೆ ತಿರುಗಿತು.

"ಈಗಲಾ ಅತ್ತೆ?"

ಬೆರಳು ಇಳಿಯಲಿಲ್ಲ.

"ನಲ್ಲೀಲಿ... ನೀರು ಬಂತು."

ಬೆರಳು ಅಲ್ಲಾಡಿತು. ಸೊಸೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಸರಿ, ಹೇಳ್ತೀನಿ. ನಾನು ಒಂದೊಂದು ಹೇಳಿದ ಹಾಗೆ ನೀವು ಮೆಲ್ಲಗೆ ಉಸಿರು ಬಿಡ್ಬೇಕು. ನನ್ನ ಅಂಗಿ ಗುಂಡಿ ಕಿತ್ತುಹೋಗಿತ್ತು. ಬೆಳಿಗ್ಗೆ ನೋಡಿದ್ರೆ ಹೊಲಿದಾಗಿತ್ತು. ದರ್ಜಿ ನಾನು, ಹೊಲಿದಿದ್ದು ನೀವು. ಊದಿ."

ಅತ್ತೆ ತುಟಿ ಸೇರಿಸಿ ಊದಿದರು.

"ನನ್ನ ಮಗು ಹೊಟ್ಟೇಲೇ ಹೋದಾಗ ಎಲ್ಲರೂ ಬುದ್ಧಿ ಹೇಳಿದ್ರು. ನೀವೊಬ್ರೇ ಏನೂ ಹೇಳ್ದೆ ನನ್ನ ತಲೆ ಬಾಚಿದ್ರಿ. ಊದಿ ಅತ್ತೆ."

ಊದಿದರು. ಸಿಳ್ಳೆ ತೆಳುವಾಗುತ್ತಿತ್ತು.

"ಪಂಪು ಬಿಟ್ಟುಬಂದಿದ್ದು ನಾನು. ಕೋಪದಲ್ಲಿ ಚೀಲ ಕಿತ್ತಿಟ್ಟೆ."

ಬೆರಳು ಜೋರಾಗಿ ಅಲ್ಲಾಡಿತು. ಅದು ಲೆಕ್ಕಕ್ಕಿಲ್ಲ, ಒಳ್ಳೆಯದನ್ನು ಹೇಳು ಎಂಬಂತೆ.

ಅವಳು ಬಾಯಿ ತೆರೆಯುವಷ್ಟರಲ್ಲಿ ಬೆರಳು ಬಾಗಿತು. ಕೈ ಮಡಿಲಿಗೆ ಬಿತ್ತು. ಅತ್ತೆಯ ತುಟಿ ನೀಲಿಗಟ್ಟಿತ್ತು.

"ಅತ್ತೆ! ಇನ್ನೂ ಇವೆ, ಮುಗಿದಿಲ್ಲ!" ಅವರ ಕೆನ್ನೆ ತಟ್ಟಿದಳು. "ಸ್ವಾಮೀ, ಇಷ್ಟು ದಿನ ಇವರ ಬಗ್ಗೆ ಒಂದೂ ಹೇಳ್ಲಿಲ್ಲ ನಾನು. ಹೇಳೋಕೆ ಬಿಡು. ಇವರನ್ನ ಕರ್ಕೋಬೇಡ."

ಮೇಲಿಂದ ಧಡಧಡ ಸದ್ದು. ಸಂದಿನಿಂದ ಚೀಲ ತೂರಲಿಲ್ಲ. ವಾಚ್‌ಮನ್ ಅದನ್ನು ನೆಲಕ್ಕೆ ಸುರಿದು, ಕನ್ನಡಕ, ಬಾಚಣಿಗೆ, ಕರವಸ್ತ್ರಗಳ ನಡುವೆ ಪಂಪನ್ನು ಹುಡುಕಿ ಅವಳ ಅಂಗೈಗೆ ಹಾಕಿದ. ಅತ್ತೆಯ ತಲೆಯನ್ನು ತೋಳಿಗೆ ಆನಿಸಿಕೊಂಡು ಒತ್ತಿದಳು. ಮತ್ತೆ ಒತ್ತಿದಳು. ಎಷ್ಟೋ ಹೊತ್ತಿನ ಮೇಲೆ ಎದೆ ಮೇಲೆದ್ದು ನಿಧಾನವಾಗಿ ಇಳಿಯಿತು. ತುಟಿಗೆ ಬಣ್ಣ ಬಂತು.

ಕರೆಂಟು ಇನ್ನೂ ಬಂದಿರಲಿಲ್ಲ. ಅತ್ತೆ ಕಣ್ಣು ತೆರೆದು ಬೆರಳನ್ನು ತಮ್ಮ ಕಡೆಗೇ ತಿರುಗಿಸಿಕೊಂಡರು.

"ನನ್ನ ಸರದಿ. ಲಿಫ್ಟ್ ನಿಂತ್ಹೋಯ್ತಲ್ಲ..."

"ಅದಕ್ಕೂ ಸ್ತೋತ್ರಾನಾ?"

"ಅದಕ್ಕಲ್ಲ ಕಣೇ. ನಿಂತಾಗ ನೀನು ಜೊತೆಗಿದ್ದೆ, ಅದಕ್ಕೆ."

ಸೊಸೆ ಅವರ ಭುಜಕ್ಕೆ ಮುಖ ಒತ್ತಿಕೊಂಡು ಬಿಕ್ಕಿದಳು. ಆಮೇಲೆ ಮೂಗೊರೆಸಿಕೊಂಡು ಕೇಳಿದಳು.

"ರಾತ್ರಿ ಊಟಕ್ಕೆ ನಾನೂ ಇದನ್ನೇ ಹೇಳ್ಬಹುದಾ? ನಿನ್ನೆ ಹೇಳಿದ್ದು ನಡೆಯೋದಿಲ್ಲ ಅಂತೀರಲ್ಲ, ಇವತ್ತು ನಾನು ಹೇಳಿದ್ರೆ ನಾಳೆ ನಿಮಗೆ ಸಿಗಲ್ಲ."

"ಇದೊಂದನ್ನ," ಎಂದರು ಅತ್ತೆ, "ದಿನಾ ಹೇಳೋಣ."