ಮಡುವಿನ ತಳ

ಪೈಪ್ ಫಿಟ್ಟರನ ಅಣ್ಣನಿಗೆ ಊರವರು ಬಂಗಾರಣ್ಣ ಎಂದು ಹೆಸರಿಟ್ಟಿದ್ದರು. ಅವನ ಮೈಮೇಲೆ ಗುಲಗಂಜಿಯಷ್ಟು ಬಂಗಾರವೂ ಇರಲಿಲ್ಲ. ಬಾಯಲ್ಲಿ ಮಾತ್ರ ಗಣಿಯೇ ಇತ್ತು. ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು, ಬಂದವರಿಗೆಲ್ಲ ಒಂದೇ ಕಥೆ ಹೇಳುತ್ತಿದ್ದ. ಬೆಟ್ಟದ ತೊರೆಯಲ್ಲಿ, ನೀರು ಮೂವತ್ತು ಅಡಿ ಕೆಳಕ್ಕೆ ಧುಮುಕುವ ಜಾಗಕ್ಕಿಂತ ಸ್ವಲ್ಪ ಮೇಲೆ, ಒಂದು ಮಡುವಿದೆ. ಚಿನ್ನ ಭಾರದ ವಸ್ತು. ಹರಿದು ಬಂದದ್ದೆಲ್ಲ ಮಡುವಿನಲ್ಲಿ ಇಳಿದು, ಜಲ್ಲಿಯ ಸಂದಿಯಲ್ಲಿ ಜಾರಿ, ತಳದ ಬಂಡೆಯ ಬಿರುಕಿನಲ್ಲಿ ಕೂರುತ್ತದೆ. ಆ ಜಲ್ಲಿಯನ್ನು ಅವನು ಹತ್ತು ಬೇಸಿಗೆ ಎಂಜಿನ್ ಪಂಪಿಟ್ಟು ಹೀರಿ ತೆಗೆದಿದ್ದ. ಅಷ್ಟರಲ್ಲಿ ಅರಣ್ಯ ಇಲಾಖೆಯವರು ತೊರೆಯಲ್ಲಿ ಎಂಜಿನ್ ಕೂಡದು ಎಂದು ಬೋರ್ಡ್ ನೆಟ್ಟರು.

“ಬಂಡೆಗೆ ಇನ್ನೊಂದೇ ಒಂದು ಗೇಣು ಇತ್ತು,” ಎಂದು ಅವನು ಕೈ ಅಗಲಿಸಿ ತೋರಿಸುತ್ತಿದ್ದ. “ಒಂದು ಗೇಣು! ಬಂದು ಎಂಜಿನ್ ಹೊತ್ಕೊಂಡು ಹೋದ್ರು.”

ಕ್ಷೌರಿಕ ಪ್ರತಿಸಲವೂ ಕತ್ತರಿ ನಿಲ್ಲಿಸಿ ಲೊಚಗುಟ್ಟುತ್ತಿದ್ದ. ಬಂಗಾರಣ್ಣ ಹೆಂಡತಿ ಮಕ್ಕಳಿಲ್ಲದವನು, ತಮ್ಮನ ಮನೆಯಲ್ಲಿ ಉಣ್ಣುವವನು. ಆ ಒಂದು ಗೇಣಿನಿಂದಾಗಿ ಊರಿನಲ್ಲಿ ಅವನಿಗೆ ಬೆಂಚಿನ ತುದಿಯಲ್ಲೊಂದು ಜಾಗವಿತ್ತು.

ತಮ್ಮ ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಪೈಪು ಜೋಡಿಸಿದವನು. ಆ ವರ್ಷ ಅವನನ್ನೂ ಇನ್ನೂ ಆರು ಜನರನ್ನೂ ಮನೆಗೆ ಕಳಿಸಿದ್ದರು. ಪಕ್ಕದ ಜಿಲ್ಲೆಯ ಪಂಪ್‌ಹೌಸಿನಿಂದ ಕೆಲಸಕ್ಕೆ ಕರೆ ಬಂದಿತ್ತು. ತಿಂಗಳೊಳಗೆ ಹೋಗಿ ಸೇರಬೇಕಿತ್ತು. ಹೊರಡುವ ಮುಂಚೆ ಗಡ್ಡ ಬೋಳಿಸಿಕೊಳ್ಳಲು ಅಂಗಡಿಗೆ ಹೋದಾಗ, ನೊರೆ ಬಳಿದ ಮುಖದಲ್ಲಿ, ಅದೇ ಕಥೆಯನ್ನು ನೂರನೇ ಸಲ ಕೇಳುತ್ತಾ ಕೂತವನಿಗೆ ಥಟ್ಟನೆ ಹೊಳೆಯಿತು. ಮಡು ಮೇಲಿದೆ, ಕೆಳಗೆ ಮೂವತ್ತು ಅಡಿ ಇಳಿಜಾರು. ಎಷ್ಟು ಟ್ಯಾಂಕುಗಳನ್ನು ಬರೀ ಒಂದು ಪೈಪು ಇಳಿಬಿಟ್ಟು ಖಾಲಿ ಮಾಡಿಲ್ಲ ತಾನು? ಬೀಳುವ ನೀರೇ ಹಿಂದಿನ ನೀರನ್ನು ಎಳೆಯುತ್ತದೆ, ನೀರಿನ ಜೊತೆ ಜಲ್ಲಿಯನ್ನೂ ಎಳೆಯುತ್ತದೆ.

“ಅಣ್ಣ, ಎಂಜಿನ್ ಯಾಕೆ ಬೇಕು?” ಎಂದು ಕುರ್ಚಿಯಿಂದ ಎದ್ದೇಬಿಟ್ಟ.

ಅವನು ವಿವರಿಸಿದ್ದನ್ನು ಬಂಗಾರಣ್ಣ ಬಾಯಿ ಮುಚ್ಚಿಕೊಂಡು ಕೇಳಿದ. ಅವನ ಮುಖ ಸಪ್ಪಗಾಯಿತು. “ಆಗಲ್ಲ ಬಿಡೋ. ಕಲ್ಲು ಸಿಕ್ಕಾಕೊಳುತ್ತೆ. ಗಾಳಿ ಸೇರುತ್ತೆ. ನಿಂಗೊಂದು ಕೆಲಸ ಸಿಕ್ಕಿದೆ, ತೆಪ್ಪಗೆ ಹೋಗಿ ಸೇರ್ಕೋ.”

ತನಗೆ ಆಗದ್ದು ತಮ್ಮನಿಗೆ ಆಗಿಬಿಟ್ಟರೆ ಎಂಬ ಹೊಟ್ಟೆಕಿಚ್ಚು ಇದು ಎಂದು ಫಿಟ್ಟರ್ ಅಂದುಕೊಂಡ.

ಹೆಂಡತಿ ಬೇಡವೆನ್ನುತ್ತಾಳೆ ಎಂದು ಅಳುಕಿದ್ದ. ಅವಳು ಹೋಟೆಲೊಂದರ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷದಿಂದ ಬೇರೆಯವರು ಮಲಗುವ ಹಾಸಿಗೆಯ ಹೊದಿಕೆಗಳನ್ನು ಇಸ್ತ್ರಿ ಮಾಡುತ್ತಿದ್ದಳು. ಬಲಗೈ ಮಣಿಕಟ್ಟು ಊದಿಕೊಂಡು ಬಾಗಿಲ ಚಿಲಕ ತಿರುಗಿಸುವುದೂ ಕಷ್ಟವಾಗಿತ್ತು.

“ಒಂದೇ ಒಂದು ಬೇಸಿಗೆ ಕಣೇ,” ಎಂದ.

ಅವಳು ಕೆಲಸದ ಕಾಗದವನ್ನು ಮಡಿಸಿ ಡಬ್ಬಿಯ ಕೆಳಗಿಟ್ಟಳು. “ಜೂನಿನಲ್ಲಿ ಬರ್ತೀನಿ ಅಂತ ಬರೆದು ಹಾಕಿ. ನಾನೂ ರಜೆ ಹಾಕ್ತೀನಿ. ಒಬ್ಬರೇ ನೀರಿಗಿಳಿಯೋಕೆ ಬಿಡಲ್ಲ.” ನಡುಮನೆಯ ಗೀರುಗೀರಿನ ರಬ್ಬರ್ ಚಾಪೆಯನ್ನು ಎತ್ತಿ ಕತ್ತರಿಸಿದವಳೂ ಅವಳೇ. ಪೈಪಿನ ಕೆಳತುದಿಯಲ್ಲಿ ಇಡುವ, ಉದ್ದನೆಯ ತೊಟ್ಟಿಯಂಥ ಮರದ ದೋಣಿಗೆ ಅದೇ ಹಾಸು: ಜಲ್ಲಿಯೂ ನೀರೂ ಮೇಲೆ ಹರಿದುಹೋದರೆ, ಭಾರದ ಚಿನ್ನ ಗೀರುಗಳಲ್ಲಿ ಉಳಿಯುತ್ತದೆ.

ಆರಿಂಚಿನ ಪೈಪುಗಳನ್ನು ಹೆಗಲ ಮೇಲೆ ಹೊತ್ತು ಸಾಗಿಸಲು ಹನ್ನೊಂದು ದಿನ ಬೇಕಾಯಿತು. ಮಡುವಿನ ತಳದಿಂದ ಅಂಚಿನ ಬಂಡೆ ಹತ್ತಿಸಿ, ಕೆಳಕ್ಕೆ ಇಳಿಸಿ, ತುದಿಗೆ ವಾಲ್ವ್ ಕೂರಿಸಿದರು. ವಾಲ್ವ್ ಮುಚ್ಚಿ, ಮೇಲಿನ ಉಬ್ಬಿನಲ್ಲಿದ್ದ ಕಿಂಡಿಯಿಂದ ಬಕೆಟ್‌ಗಟ್ಟಲೆ ನೀರು ತುಂಬಿ, ಕಿಂಡಿ ಬಿಗಿದು, ವಾಲ್ವ್ ತೆರೆದರು. ಪೈಪು ಗೊರಗೊರ ಎಂದಿತು. ನಾಲ್ಕು ನಿಮಿಷ ಹರಿದು ನಿಂತಿತು. ಐದು ದಿನ ಹೀಗೇ. ಎಲ್ಲೋ ಗಾಳಿ ನುಗ್ಗುತ್ತಿದೆ. ಎಲ್ಲಿ ಎಂದು ತಿಳಿಯದು. ಬಂಗಾರಣ್ಣ ದೂರದ ಕಲ್ಲಿನ ಮೇಲೆ ಕೂತು ನೋಡುತ್ತಿದ್ದ. ಪೈಪು ನಿಂತಾಗಲೆಲ್ಲ ಅವನ ಭುಜ ಸಡಿಲವಾಗುತ್ತಿತ್ತು.

ಆರನೆಯ ದಿನ ಹೆಂಡತಿ ಪೈಪಿನ ಮೇಲೆ ಬಾಗಿ ಕಿವಿಯಿಟ್ಟು ಸರಿಯುತ್ತಿದ್ದಾಗ, ಅವಳ ಕೆದರಿದ ಕೂದಲೊಂದು ಮೂರನೇ ಜೋಡಣೆಗೆ ಹೋಗಿ ಅಂಟಿಕೊಂಡಿತು. ಬಿಡಿಸಿದಳು, ಮತ್ತೆ ಅಂಟಿತು.

“ರೀ, ಇಲ್ಲಿ! ಇಲ್ಲಿ ಎಳೀತಿದೆ!”

ಆ ಜೋಡಣೆ ಬಿಗಿದ ಮೇಲೆ, ಅಂದು ಮಧ್ಯಾಹ್ನ ಪೈಪು ನಿಲ್ಲಲಿಲ್ಲ. ಎಂಜಿನ್ನಿನ ಹಾಗೆ ಅಬ್ಬರಿಸದೆ, ಹೊಗೆಯುಗುಳದೆ, ಮಡುವಿನ ಜಲ್ಲಿಯನ್ನು ನುಂಗಿ ಕೆಳಗಿನ ದೋಣಿಗೆ ಕಡಕಡ ಸುರಿಯಿತು. ಗಂಡಹೆಂಡಿರು ಮೊಣಕಾಲುದ್ದ ನೀರಿನಲ್ಲಿ ನಿಂತು ಚಿಕ್ಕ ಮಕ್ಕಳ ಹಾಗೆ ನಕ್ಕರು.

ಅರಣ್ಯ ಗಾರ್ಡ್ ಬಂದ. ಪೈಪಿನ ಉದ್ದಕ್ಕೂ ಎರಡು ಸಲ ನಡೆದ. “ಎಂಜಿನ್ ಎಲ್ಲಿ ಬಚ್ಚಿಟ್ಟಿದ್ದೀರ?”

“ಎಂಜಿನ್ ಇಲ್ಲ ಸಾರ್. ನೀರು ತಾನಾಗೇ ಇಳೀತಿದೆ.”

“ತಾನಾಗೇ ಇಳಿಯೋದಾದ್ರೆ ನೀವ್ಯಾಕೆ ನಿಂತಿದ್ದೀರ?” ಎಂದು ಗದರಿ, ಹೋಗಿ ತನ್ನದೇ ಇಲಾಖೆಯ ಬೋರ್ಡನ್ನು ಓದಿ ಬಂದ. “ಪೈಪಿನ ಸುದ್ದಿ ಬೋರ್ಡ್‌ನಲ್ಲಿಲ್ಲ,” ಎಂದು ತಲೆ ಕೆರೆದುಕೊಳ್ಳುತ್ತಾ ಹೋದ.

ಏಳು ವಾರ ಫಿಟ್ಟರ್ ಮಡುವಿನಲ್ಲಿ ಮುಳುಗಿದ್ದ. ಗಾಳಿಗೊಂದು ಕೊಳವೆ ಬಾಯಲ್ಲಿ ಕಚ್ಚಿ, ಪೈಪಿನ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ಜಲ್ಲಿ ತಿನ್ನಿಸುತ್ತಿದ್ದ. ನುಂಗದ ಕಲ್ಲುಗಳನ್ನು ಕೈಯಿಂದ ಸರಿಸುತ್ತಿದ್ದ. ನೀರು ಮೂಳೆಗಿಳಿಯುವಷ್ಟು ತಣ್ಣಗಿತ್ತು. ಮೂರನೇ ವಾರ ಎಡಗಿವಿ ಸೋರಲು ಶುರುವಾಯಿತು. ಹತ್ತಿ ತುರುಕಿ ಮತ್ತೆ ಇಳಿದ. ಐದನೇ ವಾರ ಆ ಕಡೆಯಿಂದ ಹೆಂಡತಿ ಕರೆದರೆ ಕೇಳಿಸುತ್ತಿರಲಿಲ್ಲ. ಲಾಂಡ್ರಿಯಿಂದ ಬೇರೆಯವಳನ್ನು ಇಟ್ಟುಕೊಂಡಿದ್ದೇವೆ ಎಂದು ಹೇಳಿ ಕಳಿಸಿದರು. ಪಂಪ್‌ಹೌಸಿನವರು ಜೂನ್‌ವರೆಗೆ ಕಾಯಲಾಗದೆಂದು ಬರೆದರು. ಚಾಪೆ ತೊಳೆದಾಗ ಸೂಜಿಮೊನೆಯಷ್ಟು ಹೊಳೆಯುವ ಕಣಗಳು ಸಿಗುತ್ತಿದ್ದವು. ಅವುಗಳನ್ನು ಗಾಜಿನ ಸೀಸೆಯೊಂದರಲ್ಲಿ ನೀರು ತುಂಬಿ ಹಾಕಿಡುತ್ತಿದ್ದರು. ಇವು ಮೇಲಿನವು, ನಿಜವಾದದ್ದು ಕೆಳಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಬಂಗಾರಣ್ಣ ಮೊದಲು ದೂರದ ಕಲ್ಲಿನಲ್ಲಿದ್ದವನು ದಿನದಿಂದ ದಿನಕ್ಕೆ ಹತ್ತಿರ ಬಂದ. ಕೊನೆಕೊನೆಗೆ ಪಂಚೆ ಎತ್ತಿಕಟ್ಟಿ ದೋಣಿಯ ಬಳಿ ತಮ್ಮನ ಹೆಂಡತಿಯ ಜೊತೆ ಕಲ್ಲು ತೆಗೆಯತೊಡಗಿದ. “ಆ ಎಡಗಡೆ ಮೂಲೆ ನೋಡೋಕೆ ಹೇಳಮ್ಮ,” ಎನ್ನುತ್ತಿದ್ದ. “ಆ ಮೂಲೆ ಸರಿಯಾಗಿ ನೋಡ್ಲಿ.”

“ಭಾವ, ಈಗ ನಿಮಗೂ ಆಸೆ ಬಂತು ನೋಡಿ,” ಎಂದು ಅವಳು ಛೇಡಿಸಿದಳು.

ಬಂಡೆ ಸಿಕ್ಕಿದ್ದು ಒಂದು ಮಧ್ಯಾಹ್ನ, ಬಿಸಿಲು ನೆಟ್ಟಗೆ ನೀರಿಗಿಳಿದಿದ್ದ ಹೊತ್ತಿನಲ್ಲಿ. ಫಿಟ್ಟರ್ ಎಡಮೂಲೆಯಲ್ಲಿ ಜಲ್ಲಿ ಹೀರುತ್ತಿದ್ದಂತೆ ಕಲ್ಲಿನ ಗೋಡೆಯೊಂದು ಹೊರಬಂತು. ಗೋಡೆಯೇ: ದಪ್ಪ ಕಲ್ಲುಗಳು ಕೆಳಗೆ, ಚಪ್ಪಟೆ ಕಲ್ಲುಗಳು ಮೇಲೆ, ಸಂದಿಗೆ ಚಕ್ಕೆಗಳು. ಪ್ರವಾಹ ಕಲ್ಲನ್ನು ಉರುಳಿಸುತ್ತದೆ, ಜೋಡಿಸುವುದಿಲ್ಲ. ಮಡು ಅಗೆಯುವವನು ಮಾತ್ರ, ಕಲ್ಲು ಮತ್ತೆ ಕಾಲಮೇಲೆ ಬೀಳದಿರಲೆಂದು, ಹೀಗೆ ಒತ್ತಟ್ಟಿಗೆ ಪೇರಿಸುತ್ತಾನೆ. ಮತ್ತು ಹೀಗೆ ಪೇರಿಸುವುದನ್ನು ಕಲ್ಲುಕುಟಿಗನಾಗಿದ್ದ ಅವರಪ್ಪ ತನ್ನ ಇಬ್ಬರು ಗಂಡುಮಕ್ಕಳಿಗೆ ಮಾತ್ರ ಕಲಿಸಿದ್ದ.

ಅವನು ಮೂತಿಯನ್ನು ಬಿಟ್ಟು, ಬಂಡೆಯ ಬಿರುಕುಗಳ ಮೇಲೆ ಬೆರಳಾಡಿಸಿದ. ಒಂದೊಂದನ್ನೂ ಉಳಿಯಿಂದ ಕೆರೆದು, ಪಾತ್ರೆ ಬಳಿದ ಹಾಗೆ ಬಳಿದಾಗಿತ್ತು. ಮೇಲಿನ ಜಲ್ಲಿಯೆಲ್ಲ ಆಮೇಲಿನ ಪ್ರವಾಹಗಳು ತಂದು ತುಂಬಿದ್ದು.

ದಡಕ್ಕೆ ಬಂದು ಕೂತ. ಹೆಂಡತಿ ವಾಲ್ವ್ ಮುಚ್ಚಿ ಓಡಿಬಂದಳು. ಬಂಗಾರಣ್ಣ ನಿಧಾನವಾಗಿ ಹತ್ತಿ ಬಂದ.

“ಅಣ್ಣ, ನೀನು ತಳ ಮುಟ್ಟಿದ್ದೆ.”

ಬಂಗಾರಣ್ಣ ತಮ್ಮನ ಬಲಗಡೆಗೆ, ಕೇಳುವ ಕಿವಿಯ ಕಡೆಗೆ, ಬಂದು ಕುಕ್ಕರಗಾಲಲ್ಲಿ ಕೂತ. “ಮುಟ್ಟಿದ್ದೆ.”

“ಏನಿತ್ತು?”

“ಏನೂ ಇರ್ಲಿಲ್ಲ. ನಿಮ್ಮ ಸೀಸೇಲಿ ಇದೆಯಲ್ಲ, ಅಷ್ಟೇ.”

ಹೆಂಡತಿ ಬಂಗಾರಣ್ಣನ ಎದುರಿಗೆ ಬಂದು ನಿಂತಳು. “ಯಾಕೆ ಹೇಳ್ಲಿಲ್ಲ ಭಾವ? ನಮ್ಮಿಬ್ಬರ ಕೆಲಸ ಹೋಯ್ತು. ಇವರ ಕಿವಿ ಹೋಯ್ತು. ಎದುರಿಗೇ ಕೂತಿದ್ರಲ್ಲ!”

“ಹತ್ತು ವರ್ಷ ನೀರಲ್ಲಿ ಕೂತು ಏನೂ ಸಿಗ್ಲಿಲ್ಲ ಅಂದ್ರೆ ಊರು ನನ್ನ ಏನಂತ ಕರೀತಿತ್ತಮ್ಮ? ಎಂಜಿನ್ ಹೊತ್ಕೊಂಡು ಹೋದಾಗ ನಂಗೆ ಜೀವ ಬಂದ ಹಾಗಾಗಿತ್ತು. ಒಂದು ಗೇಣು ಅಂದೆ. ಇವನ ಪೈಪು ನಡಿಯಲ್ಲ ಅಂದ್ಕೊಂಡಿದ್ದೆ. ನಡೀತು. ಆಮೇಲೆ...” ಅವನು ಒದ್ದೆ ಕೈಗಳನ್ನು ಪಂಚೆಗೆ ಒರೆಸಿಕೊಂಡ. “ನೀವು ನಗ್ತಿದ್ರಿ. ನೋಡ್ತಾ ನೋಡ್ತಾ ನಂಗೇ ಅನುಮಾನ ಬಂತು. ಎಡಮೂಲೇಲಿ ಏನಾದ್ರೂ ಬಿಟ್ಟಿದ್ನೇನೋ ಅಂತ. ದೇವರಾಣೆ, ನಾನೂ ನಂಬಿಬಿಟ್ಟಿದ್ದೆ.”

ಫಿಟ್ಟರ್ ಬಯ್ಯಲಿಲ್ಲ. ಬಯ್ಯಲು ಮೈಯಲ್ಲಿ ಕಾವಿರಲಿಲ್ಲ. ಹಲ್ಲು ಕಟಕಟಿಸುತ್ತಿದ್ದವು. ಹೆಂಡತಿ ಒಣಬಟ್ಟೆ ತಂದು ಹೊದಿಸಿ, ತಾನೂ ಅದರೊಳಗೆ ಒಂದು ಹೆಗಲು ತೂರಿಸಿ ಕೂತಳು.

ಅಲ್ಲಿಂದ ಬಂದಮೇಲೆ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟರು. ಬಂಗಾರಣ್ಣ ಕ್ಷೌರದಂಗಡಿಗೆ ಹೋಗಿ, ಬೆಂಚಿನ ಮೇಲೆ ಕೂರದೆ ನಿಂತೇ, ಇದ್ದದ್ದನ್ನು ಇದ್ದಹಾಗೆ ಹೇಳಿದ. ಅವನ ಬಾಳಿನಲ್ಲಿ ಅದಕ್ಕಿಂತ ಕಷ್ಟದ ಮಾತು ಇರಲಿಲ್ಲ. ಕ್ಷೌರಿಕ ಕೇಳಿ, ಗಿರಾಕಿಯತ್ತ ನೋಡಿ ಕಣ್ಣು ಮಿಟುಕಿಸಿದ.

“ಸಿಕ್ಕಿದೆ ಅನ್ನಿ,” ಎಂದ. “ಇಲ್ಲದಿದ್ರೆ ಇಷ್ಟು ವರ್ಷ ಇದೆ ಇದೆ ಅಂತಿದ್ದೋರು ಈಗ ಇದ್ದಕ್ಕಿದ್ದ ಹಾಗೆ ಇಲ್ಲ ಯಾಕೆ ಅಂತೀರ?”

ಎರಡು ವಾರದಲ್ಲಿ ಊರೆಲ್ಲ ಅದೇ ಮಾತು. ಲಾಂಡ್ರಿಯಲ್ಲಿ ಜೊತೆಗಿದ್ದ ಹೆಂಗಸರು ಫಿಟ್ಟರನ ಹೆಂಡತಿಯ ಕುತ್ತಿಗೆಯತ್ತ ಕದ್ದು ನೋಡುತ್ತಿದ್ದರು. ಅವಳು ಕೆಲಸ ಕೇಳಿಕೊಂಡು ಹೋದರೆ ಮೇಲ್ವಿಚಾರಕಿ, “ನಿಮಗ್ಯಾಕಮ್ಮ ಇನ್ನು ಈ ಕೆಲಸ?” ಎಂದು ನಗುತ್ತಲೇ ಕಳಿಸಿದಳು. ಎಲ್ಲಿ ಹೋದರೂ ಅದೇ ನಗು.

ಮುಂದಿನ ಬೇಸಿಗೆ ಬಂದಾಗ ಎಲ್ಲರಿಗಿಂತ ಮೊದಲು ಮನೆಗೆ ಬಂದವನು ಬೇಕರಿಯವನು. ಅವನ ಹಿಂದೆ ಬಸ್ ಚಾಲಕ, ಆಮೇಲೆ ಊರಿನ ಬೇರೆ ಇಬ್ಬರು ಅಣ್ಣತಮ್ಮಂದಿರು. ಎಲ್ಲರಿಗೂ ಎಂಜಿನ್ ಇಲ್ಲದ ಪೈಪು ಬೇಕು, ಎಲ್ಲರಿಗೂ ಅದೇ ಮಡು ಬೇಕು. ಫಿಟ್ಟರ್ ಬಾಗಿಲಲ್ಲೇ ನಿಂತು ಹೇಳಿದ: “ಅಲ್ಲಿ ಏನೂ ಇಲ್ಲ. ನಾನು ಬಂಡೆ ಕೈಯಾರೆ ಸವರಿ ಬಂದಿದ್ದೀನಿ.”

ಬೇಕರಿಯವನು ಅವನ ಭುಜ ತಟ್ಟಿದ. “ನಿಮ್ಮದನ್ನು ನೀವು ತಗೊಂಡಿದ್ದೀರ, ನಮಗೂ ಸ್ವಲ್ಪ ಇರ್ಲಿ ಬಿಡಿ. ಜೋಡಿಸಿ ಕೊಡಿ ಸಾಕು, ಕೂಲಿ ಕೊಡ್ತೀವಿ.”

ಒಂದು ಕಿವಿಯ ಫಿಟ್ಟರನನ್ನು ಬೇರೆ ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಒಲೆ ಉರಿಯಬೇಕಿತ್ತು. ಅವನು ಹೋದ.

ಮಳೆಗಾಲದಲ್ಲಿ ಮತ್ತೆ ಜಲ್ಲಿ ತುಂಬಿಕೊಂಡಿದ್ದ ಮಡುವಿನ ಅಂಚಿನಲ್ಲಿ ಆ ವರ್ಷ ಮೂರು ಪೈಪುಗಳು ಇಳಿದವು. ಮೂರನ್ನೂ ಅವನೇ ಕೂರಿಸಿದ. ಪ್ರತಿಯೊಂದು ಜೋಡಣೆ ಬಿಗಿಯುವಾಗಲೂ ಒಮ್ಮೆ ಹೇಳುತ್ತಿದ್ದ, “ಏನೂ ಇಲ್ಲ ಕಣ್ರಪ್ಪ.” ಅವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಬಸ್ ಚಾಲಕನ ಹೆಂಡತಿ ಮನೆಯಿಂದ ಕತ್ತರಿಸಿ ತಂದ ಚಾಪೆಯನ್ನು ದೋಣಿಯಲ್ಲಿ ಹಾಸಿ, ಅಂಚುಗಳನ್ನು ಅಂಗೈಯಿಂದ ಒತ್ತಿ ಒತ್ತಿ ಕೂರಿಸುತ್ತಿದ್ದಳು.

“ಇಷ್ಟು ಸಾಕಾ ನೋಡಿ ಅಣ್ಣ?” ಎಂದು ಎಡಗಡೆಯಿಂದ ಎರಡು ಸಲ ಕೇಳಿದಳು. ಅವನಿಗೆ ಕೇಳಿಸಲಿಲ್ಲ. ಅವನು ಕೆಳಗಿಳಿದು ಹೋಗಿ ವಾಲ್ವ್ ತಿರುಗಿಸಿದ.